ಅರ್ಜಿ ಹಾಕದೆ ಆಡುವ ಕಪ್: 1996ರ ಸಿಲ್ಕ್ ಕಟ್ ಚಾಲೆಂಜ್ ಕಪ್ ಕತೆ

1996 ಅಂದ ಕೂಡಲೇ ನಮ್ಮವರಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ. ಮಾರ್ಚ್ 9ರ ರಾತ್ರಿ ಅಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿದ್ದು, ಮುಂದಿನ ಚೆಂಡಿಗೇ ನಮ್ಮ ವೆಂಕಟೇಶ್ ಪ್ರಸಾದ್ ಅವನ ಸ್ಟಂಪು ಎಗರಿಸಿದ್ದು. ಮುಂಬಯಿಯ ನಮ್ಮ ಕಟ್ಟಡದಲ್ಲಿ ಆ ರಾತ್ರಿ ಮರಾಠಿ, ಗುಜರಾತಿ, ಕನ್ನಡ ಎಲ್ಲವೂ ಸೇರಿ ಒಂದೇ ಕೂಗಾಗಿತ್ತು. ಆದರೆ ಆ ಪಂದ್ಯಾವಳಿಯ ಪೂರ್ತಿ ಹೆಸರು ಎಷ್ಟು ಜನಕ್ಕೆ ನೆನಪಿದೆ? ವಿಲ್ಸ್ ವರ್ಲ್ಡ್ ಕಪ್! ಸಿಗರೇಟಿನ ಹೆಸರು ಹೊತ್ತ ವಿಶ್ವಕಪ್. ಆಗ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಅದೇ ತಿಂಗಳುಗಳಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಊರುಗಳಲ್ಲಿ ಇನ್ನೊಂದು ಕಪ್ ನಡೆಯುತ್ತಿತ್ತು. ಅದರ ಹೆಸರೂ ಸಿಗರೇಟಿನದೇ: ಸಿಲ್ಕ್ ಕಟ್ ಚಾಲೆಂಜ್ ಕಪ್. ಆಟ ರಗ್ಬಿ ಲೀಗ್. ನಮ್ಮ ಕಡೆ ಈ ಆಟದ ಹೆಸರು ಕೇಳಿದವರೇ ಕಡಿಮೆ. ನಾನೂ ಕೇಳಿರಲಿಲ್ಲ. 2003ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ವಾರಿಂಗ್ಟನ್ ಊರಿನಲ್ಲಿ ಅಕ್ಕನ ಮಗನ ಮನೆಗೆ ಹೋಗಿ ಆರು ವಾರ ಇದ್ದೆವು. ಪಕ್ಕದ ಮನೆಯಲ್ಲೊಬ್ಬ ಮುದುಕ, ಸೇಂಟ್ ಹೆಲೆನ್ಸ್‌ನ ಗಾಜಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಅವನು ಒಂದು ಸಂಜೆ ಕರೆದು ಕೂರಿಸಿ, ಚಹಾ ಕೊಟ್ಟು, ಹಳೆಯ ವಿಡಿಯೋ ಕ್ಯಾಸೆಟ್ ಹಾಕಿದ. ಎಂಬತ್ತು ನಿಮಿಷದ ಆಟ ನೋಡಲು ಮೂರು ತಾಸು ಹಿಡಿಯಿತು. ಯಾಕೆಂದರೆ ಎರಡೆರಡು ನಿಮಿಷಕ್ಕೆ ನಿಲ್ಲಿಸಿ ವಿವರಿಸುತ್ತಿದ್ದ! ಅಂದಿನಿಂದ ಈ ಆಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಅದರಲ್ಲಿ ಆ 1996ರ ಕಪ್ಪಿನ ಕತೆ ನಮ್ಮಂಥವರೂ ತಿಳಿಯಬೇಕಾದದ್ದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಟ ಯಾವುದು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ರಗ್ಬಿಯಲ್ಲಿ ಎರಡು ಬಗೆ. ಯೂನಿಯನ್ ಒಂದು, ಲೀಗ್ ಇನ್ನೊಂದು. 1895ರವರೆಗೆ ಎರಡೂ ಒಂದೇ ಆಗಿದ್ದವು. ಆಗ ಶನಿವಾರ ಮಧ್ಯಾಹ್ನ ಆಟ. ದಕ್ಷಿಣದ ಆಟಗಾರರು ಹೆಚ್ಚಾಗಿ ವಕೀಲರು, ವೈದ್ಯರು, ಉಳ್ಳವರ ಮಕ್ಕಳು. ಉತ್ತರದವರು ಕಲ್ಲಿದ್ದಲು ಗಣಿ, ಹತ್ತಿ ಗಿರಣಿ, ಉಣ್ಣೆ ಗಿರಣಿಯ ಕೆಲಸಗಾರರು. ಪಂದ್ಯಕ್ಕೆ ಹೋದರೆ ಪಾಳಿ ತಪ್ಪುತ್ತದೆ, ಪಗಾರ ಕತ್ತರಿಸುತ್ತಾರೆ. ತಪ್ಪಿದ ಆ ಪಗಾರಕ್ಕೆ ಆರು ಶಿಲ್ಲಿಂಗ್ ಕೊಡಲು ಅನುಮತಿ ಕೊಡಿ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ದುಡ್ಡು ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆ ಅಂದರು ದೊಡ್ಡವರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆಯಾದವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. ಪರೇಲು, ಲಾಲ್‌ಬಾಗಿನ ಗಿರಣಿಗಳ ಕಾಲ ಕಂಡ ನಮ್ಮ ಹಿರಿಯರಿಗೆ ಈ ಆರು ಶಿಲ್ಲಿಂಗಿನ ಜಗಳ ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ಗಿರಣಿಗಳಲ್ಲಿ ಓಡುತ್ತಿದ್ದ ಎಷ್ಟೋ ಯಂತ್ರಗಳು ಓಲ್ಡ್‌ಹ್ಯಾಮ್ ಊರಿನ ಪ್ಲ್ಯಾಟ್ ಬ್ರದರ್ಸ್ ಕಾರ್ಖಾನೆಯಲ್ಲೇ ತಯಾರಾದವು. ಈ ಓಲ್ಡ್‌ಹ್ಯಾಮ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಲೀಗ್ ಆಟದಲ್ಲಿ ತಂಡಕ್ಕೆ 13 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಹಿಂದಕ್ಕೆ ಮಾತ್ರ ಎಸೆಯಬಹುದು. ಎದುರಾಳಿ ತಬ್ಬಿ ಕೆಡವುತ್ತಾನೆ, ಒಂದು ರೀತಿಯಲ್ಲಿ ನಮ್ಮ ಕಬಡ್ಡಿಯ ಹಿಡಿತವೇ. ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’, ನಾಲ್ಕು ಅಂಕ. ಅದರ ಮೇಲೆ ಒದ್ದು ಕಂಬದ ನಡುವೆ ದಾಟಿಸಿದರೆ ಇನ್ನೆರಡು. ಇಷ್ಟು ಗೊತ್ತಿದ್ದರೆ ಸಾಕು.

ಚಾಲೆಂಜ್ ಕಪ್ ಈ ಆಟದ ಅತಿ ಹಳೆಯ ನಾಕೌಟ್ ಪಂದ್ಯಾವಳಿ. 1897ರಲ್ಲಿ ಮೊದಲ ಫೈನಲ್, ಬ್ಯಾಟ್ಲಿ ತಂಡ ಸೇಂಟ್ ಹೆಲೆನ್ಸ್ ತಂಡವನ್ನು 10-3ರಿಂದ ಸೋಲಿಸಿತು. 1929ರಿಂದ ಫೈನಲ್ ಲಂಡನ್ನಿನ ವೆಂಬ್ಲಿಗೆ ಹೋಯಿತು. ವರ್ಷಕ್ಕೊಮ್ಮೆ ಗಿರಣಿ ಊರಿಗೆ ಊರೇ ರೈಲು, ಬಸ್ಸು ಹತ್ತಿ ರಾಜಧಾನಿಗೆ ಹೋಗುವುದು ಅವರಿಗೆ ಜಾತ್ರೆಯಿದ್ದ ಹಾಗೆ.

ಇದಕ್ಕೆ ಸಿಗರೇಟು ಯಾಕೆ ಗಂಟುಬಿತ್ತು? 1965ರಲ್ಲಿ ಬ್ರಿಟನ್ನಿನ ಟೀವಿಯಲ್ಲಿ ಸಿಗರೇಟು ಜಾಹೀರಾತು ನಿಷೇಧವಾಯಿತು. ಕಂಪನಿಗಳು ಸುಮ್ಮನಿರುತ್ತವೆಯೇ? ಆಟಗಳ ಕಡೆ ತಿರುಗಿದವು. ಬೀಬೀಸಿಯಲ್ಲಿ ಜಾಹೀರಾತೇ ಇಲ್ಲ, ಆದರೆ ಬೀಬೀಸಿ ರಗ್ಬಿ ಲೀಗ್ ತೋರಿಸುತ್ತದೆ. ಕಪ್ಪಿಗೇ ನಮ್ಮ ಹೆಸರಿಟ್ಟರೆ, ಮೈದಾನದ ಸುತ್ತ ನಮ್ಮ ಹಲಗೆ ಇದ್ದರೆ, ಜಾಹೀರಾತೇ ಇಲ್ಲದ ಚಾನೆಲ್ಲಿನಲ್ಲಿ ಗಂಟೆಗಟ್ಟಲೆ ಜಾಹೀರಾತು! 1971ರಲ್ಲಿ ‘ಪ್ಲೇಯರ್ಸ್ ನಂಬರ್ 6 ಟ್ರೋಫಿ’ ಅಂತ ಹೊಸ ನಾಕೌಟ್ ಶುರುವಾಯಿತು. ಅದೇ ಮುಂದೆ ಜಾನ್ ಪ್ಲೇಯರ್, ಆಮೇಲೆ ರೀಗಲ್ ಟ್ರೋಫಿ ಆಯಿತು. ಎಲ್ಲವೂ ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಸಿಗರೇಟುಗಳೇ. ನಮ್ಮ ವಿಲ್ಸ್ ಹೆಸರಿನ ಮೂಲ ಬ್ರಿಸ್ಟಲ್ ಊರಿನ ವಿಲ್ಸ್ ಮನೆತನ. ಆ ಮನೆತನದ ಕಂಪನಿಯೂ ಜಾನ್ ಪ್ಲೇಯರ್ ಕಂಪನಿಯೂ 1901ರಲ್ಲಿ ಸೇರಿ ಆದದ್ದೇ ಆ ಇಂಪೀರಿಯಲ್. ಅಂದರೆ ಚಿನ್ನಸ್ವಾಮಿಯ ಹಲಗೆಗೂ ವಿಗನ್ನಿನ ಹಲಗೆಗೂ ದೂರದ ನೆಂಟಸ್ತಿಕೆ ಇತ್ತು. ಹಳೆಯ ಚಾಲೆಂಜ್ ಕಪ್ಪಿಗೆ 1980ರಲ್ಲಿ ಸ್ಟೇಟ್ ಎಕ್ಸ್‌ಪ್ರೆಸ್, 1985ರಿಂದ ಗ್ಯಾಲಹರ್ ಕಂಪನಿಯ ಸಿಲ್ಕ್ ಕಟ್. ಆಟಕ್ಕೆ ದುಡ್ಡು ಬೇಕಿತ್ತು, ಕಂಪನಿಗೆ ಮುಖ ಬೇಕಿತ್ತು.

ಈಗ 1995ಕ್ಕೆ ಬರೋಣ. ಆಟಕ್ಕೆ ನೂರು ವರ್ಷ ತುಂಬುವ ವರ್ಷ. ಏಪ್ರಿಲ್‌ನಲ್ಲಿ ಸಿಡಿಲಿನ ಹಾಗೆ ಸುದ್ದಿ ಬಂತು. ರೂಪರ್ಟ್ ಮರ್ಡೋಕ್‌ನ ಟೀವಿ ಕಂಪನಿ ಕೋಟಿಗಟ್ಟಲೆ ಪೌಂಡು ಕೊಡುತ್ತದೆ, ಮೊದಲು 7.7 ಕೋಟಿ, ಕೊನೆಗೆ ಐದು ವರ್ಷಕ್ಕೆ 8.7 ಕೋಟಿ ಪೌಂಡು. ಬದಲಿಗೆ ಆಟ ಚಳಿಗಾಲದಿಂದ ಬೇಸಿಗೆಗೆ ಹೋಗಬೇಕು, ಮೇಲ್ದರ್ಜೆಗೆ ‘ಸೂಪರ್ ಲೀಗ್’ ಅಂತ ಹೆಸರು, ಅದರಲ್ಲಿ ಪ್ಯಾರಿಸ್ ತಂಡವೂ ಇರಬೇಕು. ಮೊದಲ ಯೋಜನೆಯಲ್ಲಿ ನೂರು ವರ್ಷ ಹಾವು ಮುಂಗುಸಿಯಂತಿದ್ದ ಪಕ್ಕದೂರಿನ ಕ್ಲಬ್ಬುಗಳನ್ನು ಒಂದಕ್ಕೊಂದು ಸೇರಿಸುವ ಮಾತೂ ಇತ್ತು. ಸಾಲ್ಫರ್ಡ್ ಮತ್ತು ಓಲ್ಡ್‌ಹ್ಯಾಮ್ ಸೇರಿ ‘ಮ್ಯಾಂಚೆಸ್ಟರ್’, ವಾರಿಂಗ್ಟನ್ ಮತ್ತು ವಿಡ್ನೆಸ್ ಸೇರಿ ‘ಚೆಶೈರ್’! ಜನ ಮೈದಾನಕ್ಕಿಳಿದು ಪ್ರತಿಭಟಿಸಿದರು. ವಿಲೀನ ಬಿಟ್ಟರು. ಆದರೆ ಮೇಲಿನ ಪಟ್ಟಿಯಲ್ಲಿ ಹನ್ನೆರಡೇ ಜಾಗ.

ಪಟ್ಟಿಯಿಂದ ಹೊರಗೆ ಉಳಿದವರು ಯಾರು ನೋಡಿ. ಕೀಲಿ ಊರಿನ ತಂಡ 1995ರಲ್ಲಿ ಎರಡನೇ ದರ್ಜೆಯಲ್ಲಿ ಗೆದ್ದಿತ್ತು, ಬಡ್ತಿ ಸಿಗಲಿಲ್ಲ. ವಿಡ್ನೆಸ್ 1989ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ತಂಡವನ್ನು ಸೋಲಿಸಿ ಜಗತ್ತಿನ ಕ್ಲಬ್ ಚಾಂಪಿಯನ್ ಆಗಿತ್ತು, ಅದಕ್ಕೂ ಜಾಗವಿಲ್ಲ. ಸಾಲ್ಫರ್ಡ್ 1995-96ರ ಚಿಕ್ಕ ಋತುವಿನಲ್ಲಿ ಎರಡನೇ ದರ್ಜೆಯ ಪಟ್ಟ ಗೆದ್ದಿತು, ಅದಕ್ಕೂ ಇಲ್ಲ. ಗೆದ್ದರೆ ಮೇಲಕ್ಕೆ ಅನ್ನುವುದು ಆಟದ ಮೂಲ ನಂಬಿಕೆ. ಆ ವರ್ಷ ಆ ನಂಬಿಕೆಯನ್ನೇ ಮುರಿದರು. ಲೀಗಿಗೆ ಇನ್ನು ಮುಂದೆ ಊರು ದೊಡ್ಡದಿರಬೇಕು, ಮೈದಾನ ದೊಡ್ಡದಿರಬೇಕು, ಟೀವಿಯವರಿಗೆ ಹಿಡಿಸಬೇಕು. ಒಂದು ರೀತಿಯಲ್ಲಿ ಅರ್ಜಿ ಹಾಕಿ ಮಂಜೂರಾಗಬೇಕು.

ಕಪ್ಪಿಗೆ ಮಾತ್ರ ಅರ್ಜಿ ಬೇಕಿರಲಿಲ್ಲ. ಚೀಟಿ ಎತ್ತುತ್ತಾರೆ. ಯಾರ ಹೆಸರು ಯಾರ ಜೊತೆ ಬಂತೋ ಅವರು ಆಡಬೇಕು, ಅಷ್ಟೇ.

ಆ ವರ್ಷದ ಲೀಗು ಜನವರಿಯಲ್ಲೇ ಮುಗಿದಿತ್ತು. ರೀಗಲ್ ಟ್ರೋಫಿಯ ಕೊನೆಯ ಫೈನಲ್ ಕೂಡ ಜನವರಿಯಲ್ಲಿ ನಡೆದು, ವಿಗನ್ ತಂಡ ಸೇಂಟ್ ಹೆಲೆನ್ಸ್ ತಂಡವನ್ನು 25-16ರಿಂದ ಸೋಲಿಸಿತು. ಸೂಪರ್ ಲೀಗ್ ಶುರುವಾಗುವುದು ಮಾರ್ಚ್ ಕೊನೆಗೆ. ನಡುವಿನ ಚಳಿಯಲ್ಲಿ ಕಪ್ ಒಂದೇ.

ವಿಗನ್ ಅಂದರೆ ಆಗ ಸುಮ್ಮನೆ ಮಾತಲ್ಲ. 1988ರಿಂದ 1995ರವರೆಗೆ ಸಾಲಾಗಿ ಎಂಟು ವರ್ಷ ಚಾಲೆಂಜ್ ಕಪ್ ಗೆದ್ದ ತಂಡ. ಹ್ಯಾಲಿಫ್ಯಾಕ್ಸ್, ಸೇಂಟ್ ಹೆಲೆನ್ಸ್, ವಾರಿಂಗ್ಟನ್, ಮತ್ತೆ ಸೇಂಟ್ ಹೆಲೆನ್ಸ್, ಕ್ಯಾಸಲ್‌ಫರ್ಡ್, ವಿಡ್ನೆಸ್, ಲೀಡ್ಸ್, ಮತ್ತೆ ಲೀಡ್ಸ್. ಎಲ್ಲರನ್ನೂ ವೆಂಬ್ಲಿಯಲ್ಲಿ ಮಣಿಸಿದ್ದರು. ಶಾನ್ ಎಡ್ವರ್ಡ್ಸ್ ಆ ಎಂಟೂ ಫೈನಲ್ ಆಡಿದವನು. ಕಪ್ಪಿನಲ್ಲಿ ವಿಗನ್ ಕೊನೆಯ ಸಲ ಸೋತದ್ದು 1987ರಲ್ಲಿ, ಓಲ್ಡ್‌ಹ್ಯಾಮ್ ಎದುರು, 10-8ರಿಂದ. ಹೌದು, ಅದೇ ನಮ್ಮ ಗಿರಣಿ ಯಂತ್ರಗಳ ಓಲ್ಡ್‌ಹ್ಯಾಮ್. ಅಲ್ಲಿಂದ ಮುಂದೆ 43 ಕಪ್ ಪಂದ್ಯ ಸೋಲೇ ಇಲ್ಲ. ಉಳಿದ ಕ್ಲಬ್ಬುಗಳ ಆಟಗಾರರು ಹಗಲು ಕೆಲಸ ಮಾಡಿ ಸಂಜೆ ಅಭ್ಯಾಸ ಮಾಡುತ್ತಿದ್ದ ಕಾಲದಲ್ಲೇ ವಿಗನ್ ಪೂರ್ಣಾವಧಿ ಸಂಬಳದ ತಂಡ ಕಟ್ಟಿತ್ತು. ಆ ವಿಗನ್ನಿನ ಅಧ್ಯಕ್ಷನಾಗಿದ್ದ ಮಾರಿಸ್ ಲಿಂಡ್ಸೆಯೇ ಈಗ ರಗ್ಬಿ ಲೀಗ್ ಮಂಡಳಿಯ ಮುಖ್ಯಸ್ಥ, ಸೂಪರ್ ಲೀಗಿನ ಸೂತ್ರಧಾರ.

1996ರ ಫೆಬ್ರವರಿ 11, ಭಾನುವಾರ. ನಮ್ಮ ವಿಲ್ಸ್ ವಿಶ್ವಕಪ್ ಶುರುವಾಗಲು ಮೂರು ದಿನ ಬಾಕಿ. ಕಪ್ಪಿನ ಐದನೇ ಸುತ್ತು. ಚೀಟಿಯಲ್ಲಿ ಬಂದದ್ದು ಸಾಲ್ಫರ್ಡ್ ಮತ್ತು ವಿಗನ್, ಆಟ ಸಾಲ್ಫರ್ಡ್‌ನ ವಿಲೋಸ್ ಮೈದಾನದಲ್ಲಿ. ಸೂಪರ್ ಲೀಗ್ ಪಟ್ಟಿಯಲ್ಲಿ ಹೆಸರೇ ಇಲ್ಲದ ತಂಡ ಒಂದು ಕಡೆ, ಎಂಟು ವರ್ಷದ ದೊರೆ ಇನ್ನೊಂದು ಕಡೆ. ಸಾಲ್ಫರ್ಡ್ ತಂಡದ ಕೋಚ್ ಆಂಡಿ ಗ್ರೆಗರಿ. ಇವನು ಬೇರೆ ಯಾರೂ ಅಲ್ಲ, ವಿಗನ್ನಿನ ಆ ವಿಜಯಯಾತ್ರೆ ಶುರುಮಾಡಿದ ಆಟಗಾರರಲ್ಲೊಬ್ಬ. ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಲಾನ್ಸ್ ಟಾಡ್ ಟ್ರೋಫಿಯನ್ನು 1988 ಮತ್ತು 1990ರಲ್ಲಿ ವಿಗನ್ ಅಂಗಿಯಲ್ಲೇ ಗೆದ್ದವನು. ಸ್ಕಾಟ್ ನೇಲರ್ ಥರದ ವಿಗನ್ ಬಿಟ್ಟು ಬಂದವರು ಅವನ ತಂಡದಲ್ಲಿದ್ದರು. ಮನೆಯ ಗುಟ್ಟು ಬಲ್ಲವರು ಅನ್ನಿ.

ಸಾಲ್ಫರ್ಡ್ 26, ವಿಗನ್ 16.

ಅದು ಅದೃಷ್ಟದ ಒಂದೆರಡು ಅಂಕದ ಗೆಲುವಲ್ಲ, ಹತ್ತು ಅಂಕದ ಗೆಲುವು. 43 ಪಂದ್ಯಗಳ ಸರಪಳಿ ಕಡಿಯಿತು. ನಮ್ಮ ಪಕ್ಕದ ಮನೆಯ ಮುದುಕ ಸೇಂಟ್ ಹೆಲೆನ್ಸ್‌ನವನು, ವಿಗನ್ ಅಂದರೆ ಮೈಯೆಲ್ಲ ಉರಿ. ಆ ಭಾನುವಾರ ಸುದ್ದಿ ಕೇಳಿ ಬೀದಿಯಲ್ಲಿ ಅಪರಿಚಿತರ ಕೈ ಕುಲುಕಿದ್ದೆ ಅಂತ ಹೇಳಿದ. ವಿಗನ್ ತಂಡ ಅಷ್ಟಕ್ಕೇ ಕುಗ್ಗಲಿಲ್ಲ ಬಿಡಿ. ಯೂನಿಯನ್ ರಗ್ಬಿ ಕೂಡ ನೂರು ವರ್ಷದ ಮಡಿ ಬಿಟ್ಟು 1995ರ ಆಗಸ್ಟ್‌ನಲ್ಲಿ ಸಂಬಳಕ್ಕೆ ಒಪ್ಪಿದ ಮೇಲೆ, 1996ರ ಮೇ ತಿಂಗಳಲ್ಲಿ ಯೂನಿಯನ್ನಿನ ಬಲಾಢ್ಯ ಬಾತ್ ತಂಡದ ಜೊತೆ ಲೀಗ್ ನಿಯಮದಲ್ಲಿ ಆಡಿ 82-6ರಿಂದ ಗೆದ್ದಿತು. ಯೂನಿಯನ್ ನಿಯಮದ ಮರುಪಂದ್ಯದಲ್ಲಿ ಬಾತ್ 44-19ರಿಂದ ಗೆದ್ದಿತು. ಅಷ್ಟು ಶಕ್ತಿಯ ತಂಡವನ್ನು ಪಟ್ಟಿಯ ಹೊರಗಿನ ಸಾಲ್ಫರ್ಡ್ ಮಣಿಸಿತ್ತು ಅಂದರೆ ಲೆಕ್ಕ ಹಾಕಿ.

ಮುಂದಿನ ಸುತ್ತಿನಲ್ಲಿ ಸೇಂಟ್ ಹೆಲೆನ್ಸ್ ಬಂದು ಸಾಲ್ಫರ್ಡ್‌ನ ಕನಸು ಮುಗಿಸಿತು. ಸೆಮಿಫೈನಲ್‌ನಲ್ಲಿ ಅದಕ್ಕೆ ಎದುರಾದದ್ದು ವಿಡ್ನೆಸ್, ಪಟ್ಟಿಯ ಹೊರಗಿನ ಇನ್ನೊಂದು ಊರು. ಅಂದರೆ ಟೀವಿಯವರಿಗೆ ಬೇಡವಾದ ಊರೊಂದು ವೆಂಬ್ಲಿಗೆ ಒಂದೇ ಮೆಟ್ಟಿಲು ಕೆಳಗೆ ನಿಂತಿತ್ತು. ಅಲ್ಲೂ ಸೇಂಟ್ ಹೆಲೆನ್ಸ್ ಗೆದ್ದಿತು. ಇನ್ನೊಂದು ಕಡೆ ಲೀಡ್ಸ್ ತಂಡವನ್ನು ಸೋಲಿಸಿ ಬಂದದ್ದು ಬ್ರಾಡ್‌ಫರ್ಡ್. ಉಣ್ಣೆ ಗಿರಣಿಗಳ ಈ ಊರಿನ ತಂಡ ನೂರು ವರ್ಷದ ಹತ್ತಿರ ಹತ್ತಿರ ‘ನಾರ್ದರ್ನ್’ ಆಗಿದ್ದು, ಸೂಪರ್ ಲೀಗಿಗಾಗಿ ಆಗಷ್ಟೇ ‘ಬುಲ್ಸ್’ ಆಗಿತ್ತು. 1973ರ ನಂತರ ವೆಂಬ್ಲಿಯ ಮುಖ ಕಂಡಿರಲಿಲ್ಲ. ಸೇಂಟ್ ಹೆಲೆನ್ಸ್ ಕಪ್ ಗೆದ್ದು ಇಪ್ಪತ್ತು ವರ್ಷ. 1976ರ ನಂತರ ನಾಲ್ಕು ಸಲ ಫೈನಲ್‌ಗೆ ಹೋಗಿ ನಾಲ್ಕೂ ಸಲ ಬರಿಗೈ.

ಏಪ್ರಿಲ್ 27, ಶನಿವಾರ. ನಮ್ಮ ದೇಶದಲ್ಲಿ ಅವತ್ತು ಲೋಕಸಭೆಗೆ ಮೊದಲ ಹಂತದ ಮತದಾನ. ಮುಂದೆ ಒಂದೇ ತಿಂಗಳಲ್ಲಿ ನಮ್ಮ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗುತ್ತಾರೆಂದು ಯಾರು ಎಣಿಸಿದ್ದರು! ವೆಂಬ್ಲಿಯಲ್ಲಿ 75,994 ಜನ.

ಬ್ರಾಡ್‌ಫರ್ಡ್ ನಾಯಕ ರಾಬಿ ಪಾಲ್, ನ್ಯೂಜಿಲೆಂಡಿನ ಹುಡುಗ, ವಯಸ್ಸು 20. ಅಣ್ಣ ಹೆನ್ರಿ ಆಗ ವಿಗನ್‌ನಲ್ಲಿ. ವಿರಾಮಕ್ಕೆ ಬ್ರಾಡ್‌ಫರ್ಡ್ 14-12ರಿಂದ ಮುಂದೆ. ಸೇಂಟ್ ಹೆಲೆನ್ಸ್ ಪರ ಸ್ಟೀವ್ ಪ್ರೆಸ್ಕಾಟ್ ಎರಡು, ಡ್ಯಾನಿ ಆರ್ನಾಲ್ಡ್ ಒಂದು ಟ್ರೈ ಹೊಡೆದಿದ್ದರು, ಆದರೆ ಒದ್ದ ಗೋಲು ಒಂದೂ ದಾಟಿರಲಿಲ್ಲ. ವಿರಾಮದ ನಂತರ ಬ್ರಾಡ್‌ಫರ್ಡ್ ಇನ್ನೂ ಏರಿತು. 26-12. ಹದಿನಾಲ್ಕು ಅಂಕ ಹಿಂದೆ. ವೆಂಬ್ಲಿಯಲ್ಲಿ ಅಷ್ಟು ಹಿಂದೆ ಬಿದ್ದವರು ಎದ್ದದ್ದಿಲ್ಲ.

ಮುದುಕ ಇಲ್ಲಿ ಕ್ಯಾಸೆಟ್ ನಿಲ್ಲಿಸಿ, ‘ಈಗ ಹುಡುಗನ ಕಾಲು ನೋಡಿ’ ಅಂದ. ಹುಡುಗ ಅಂದರೆ ಬಾಬಿ ಗೋಲ್ಡಿಂಗ್, ಸೇಂಟ್ ಹೆಲೆನ್ಸ್ ನಾಯಕ, 24 ವರ್ಷ, ವಿಡ್ನೆಸ್‌ನವನು. ಚಿಕ್ಕಂದಿನಲ್ಲಿ ವಿಗನ್‌ನಲ್ಲಿ ಆಡಿ ಅಲ್ಲಿ ನೆಲೆ ನಿಲ್ಲದೆ ಹೊರಬಂದವನು. ಅವನು ಚೆಂಡನ್ನು ಮುಗಿಲಿಗೆ ಒದ್ದ. ಈ ಒದೆತಕ್ಕೆ ಅವರು ‘ಬಾಂಬ್’ ಅನ್ನುತ್ತಾರೆ. ಮೇಲೆ ಹೋದ ಚೆಂಡು ಬ್ರಾಡ್‌ಫರ್ಡ್ ಗೆರೆಯ ಹತ್ತಿರ ಇಳಿಯಿತು. ಕೆಳಗೆ ಕಾಯುತ್ತಿದ್ದ ಹಿಂಬದಿಯ ಆಟಗಾರ ನೇಥನ್ ಗ್ರಹಾಂ ಕೈಗೆ ಸಿಗಲಿಲ್ಲ. ಕೀರನ್ ಕನ್ನಿಂಗ್‌ಹ್ಯಾಮ್ ಬಿದ್ದು ಒತ್ತಿದ, ಟ್ರೈ. ಗೋಲ್ಡಿಂಗ್ ಮತ್ತೊಂದು ಬಾಂಬ್ ಎಸೆದ, ಮತ್ತೆ ಗ್ರಹಾಂ ಕಡೆಗೇ. ಸೈಮನ್ ಬೂತ್, ಟ್ರೈ. ಮೂರನೆಯದು. ಇಯಾನ್ ಪಿಕವಾನ್ಸ್, ಟ್ರೈ! ಸುಮಾರು ಏಳು ನಿಮಿಷದಲ್ಲಿ ಮೂರು ಟ್ರೈ, ಮೂರಕ್ಕೂ ಗೋಲ್ಡಿಂಗ್ ಒದ್ದ ಗೋಲು ದಾಟಿತು. 12 ಇದ್ದದ್ದು 30 ಆಯಿತು. ಆಮೇಲೆ ಆರ್ನಾಲ್ಡ್ ಇನ್ನೊಂದು, 34.

ರಾಬಿ ಪಾಲ್ ಸೋಲೊಪ್ಪಲಿಲ್ಲ. ಒಬ್ಬನೇ ಚೆಂಡು ಹಿಡಿದು, ಎದುರಿಗೆ ಬಂದವರನ್ನೆಲ್ಲ ತಪ್ಪಿಸಿ, ಉದ್ದಕ್ಕೆ ಓಡಿ ತನ್ನ ಮೂರನೇ ಟ್ರೈ ಒತ್ತಿದ. ವೆಂಬ್ಲಿ ಫೈನಲ್‌ನಲ್ಲಿ ಒಬ್ಬ ಮೂರು ಟ್ರೈ ಹೊಡೆದದ್ದು ಅದೇ ಮೊದಲು. 34-32. ಕೊನೆಗೆ ಅಪೊಲೊ ಪೆರೆಲಿನಿ ನುಗ್ಗಿ ಟ್ರೈ, ಅದಕ್ಕೊಂದು ಗೋಲು. ಸೇಂಟ್ ಹೆಲೆನ್ಸ್ 40, ಬ್ರಾಡ್‌ಫರ್ಡ್ 32. ಅಲ್ಲಿಯವರೆಗಿನ ಯಾವ ಫೈನಲ್‌ನಲ್ಲೂ ಇಷ್ಟು ಅಂಕ ಹರಿದಿರಲಿಲ್ಲ. ಲಾನ್ಸ್ ಟಾಡ್ ಟ್ರೋಫಿ ಸೋತ ನಾಯಕ ರಾಬಿ ಪಾಲ್‌ಗೇ ಬಂತು.

ನನ್ನಾಕೆ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದವಳು, ‘ಆ ಹಿಂದೆ ನಿಂತ ಹುಡುಗ ಅವತ್ತು ರಾತ್ರಿ ಊಟ ಮಾಡಿದನೋ ಇಲ್ಲವೋ’ ಅಂದಳು. ನಾನು ಅದನ್ನು ಇಂಗ್ಲಿಷಿಗೆ ಹೇಳಿದೆ. ಮುದುಕನಿಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಆಮೇಲೆ, ಮುಗಿಲಿನಿಂದ ಬೀಳುವ ಚೆಂಡಿನ ಕೆಳಗೆ ನಿಲ್ಲುವುದಕ್ಕೂ ಗಂಡಸ್ತನ ಬೇಕು, ಓಡಿಹೋಗಲಿಲ್ಲವಲ್ಲ ಅಂದ.

ಸೇಂಟ್ ಹೆಲೆನ್ಸ್ ಅದೇ ವರ್ಷ ಮೊದಲ ಸೂಪರ್ ಲೀಗನ್ನೂ ಗೆದ್ದಿತು, ವಿಗನ್‌ಗಿಂತ ಒಂದೇ ಅಂಕ ಮುಂದೆ. 1997ರಲ್ಲಿ ಮತ್ತೆ ವೆಂಬ್ಲಿಯಲ್ಲಿ ಅದೇ ಬ್ರಾಡ್‌ಫರ್ಡ್ ತಂಡವನ್ನು ಸೋಲಿಸಿ ಕಪ್ ಉಳಿಸಿಕೊಂಡಿತು. ಸಾಲ್ಫರ್ಡ್ 1996ರಲ್ಲೂ ತನ್ನ ದರ್ಜೆ ಗೆದ್ದು, ಕೊನೆಗೂ 1997ರಲ್ಲಿ ಸೂಪರ್ ಲೀಗ್ ಸೇರಿತು. ಅಷ್ಟು ಅಬ್ಬರದಿಂದ ತಂದ ಪ್ಯಾರಿಸ್ ತಂಡ 1997 ಮುಗಿಯುತ್ತಲೇ ಕಣ್ಮರೆಯಾಯಿತು.

ಆಟಗಾರರ ಮುಂದಿನ ದಾರಿ ಎಲ್ಲರದೂ ಒಂದೇ ಆಗಲಿಲ್ಲ. ಎರಡು ಟ್ರೈ ಹೊಡೆದ ಸ್ಟೀವ್ ಪ್ರೆಸ್ಕಾಟ್‌ಗೆ 2006ರಲ್ಲಿ ಹೊಟ್ಟೆಯ ಅಪರೂಪದ ಕ್ಯಾನ್ಸರ್ ಅಂತ ತಿಳಿಯಿತು. ಕಾಯಿಲೆಯಲ್ಲೇ ಓಡಿ, ಸೈಕಲ್ ತುಳಿದು ಬೇರೆ ರೋಗಿಗಳಿಗಾಗಿ ಹಣ ಕೂಡಿಸಿದ. 2013ರ ನವೆಂಬರ್‌ನಲ್ಲಿ 39ನೇ ವಯಸ್ಸಿಗೆ ತೀರಿಕೊಂಡ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಅವನ ಹೆಸರಿಟ್ಟರು. ಬಾಬಿ ಗೋಲ್ಡಿಂಗ್‌ಗೆ ಐವತ್ತು ತುಂಬುವ ಮೊದಲೇ ಮರೆವಿನ ಕಾಯಿಲೆ ಅಂತ 2021ರಲ್ಲಿ ಸುದ್ದಿಯಾಯಿತು. ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಕಾರಣವೆಂದು ಅವನೂ ಬೇರೆ ಹಳೆಯ ಆಟಗಾರರೂ ಮಂಡಳಿಯ ವಿರುದ್ಧ ಕಾನೂನಿನ ಮೊರೆ ಹೋದರು.

ಇನ್ನು ಸಿಗರೇಟು. ಸಿಲ್ಕ್ ಕಟ್ 2001ರಲ್ಲಿ ಕಪ್ಪಿನಿಂದ ಇಳಿಯಿತು. ಅದೇ ವರ್ಷ ನಮ್ಮ ಕ್ರಿಕೆಟ್ ತಂಡದ ಅಂಗಿಯಿಂದ ವಿಲ್ಸ್ ಇಳಿಯಿತು. ಬ್ರಿಟನ್ನಿನ 2002ರ ಕಾನೂನು, ನಮ್ಮ 2003ರ ಕಾನೂನು ತಂಬಾಕಿನ ಪ್ರಾಯೋಜಕತೆಗೆ ಬಾಗಿಲು ಹಾಕಿದವು. ಒಳ್ಳೆಯದಾಯಿತು. ಆದರೆ ಖಾಲಿಯಾದ ಹಲಗೆಗೆ ಮುಂದೆ ಯಾರು ಬಂದರು? ತಿಂಡಿ ಕಂಪನಿ, ವಿದ್ಯುತ್ ಕಂಪನಿ, ಬಿಯರ್ ಆಗಿ, 2015ರಿಂದ ಲ್ಯಾಡ್‌ಬ್ರೋಕ್ಸ್, ಕೋರಲ್, ಬೆಟ್‌ಫ್ರೆಡ್ ಅಂತ ಬಾಜಿ ಕಟ್ಟಿಸುವ ಕಂಪನಿಗಳು. ನಮ್ಮಲ್ಲೂ ಹಾಗೆಯೇ. 2025ರಲ್ಲಿ ದುಡ್ಡಿನ ಆನ್‌ಲೈನ್ ಆಟಗಳ ಮೇಲೆ ಕಾನೂನು ಬಂದಾಗ ಭಾರತ ತಂಡದ ಎದೆಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರು ತೆಗೆಯಬೇಕಾಯಿತು. ಯಾವ ಚಟಕ್ಕೆ ಟೀವಿಯಲ್ಲಿ ನೇರ ಮುಖ ತೋರಿಸಲು ನಾಚಿಕೆಯೋ, ಅದು ಆಟಗಾರನ ಅಂಗಿ ತೊಟ್ಟು ಬರುತ್ತದೆ. ಹೆಸರು ಬದಲಾಗುತ್ತದೆ, ಲೆಕ್ಕಾಚಾರ ಅದೇ.

ಆ ಋತುವಿನ ಮೈದಾನಗಳಲ್ಲೂ ಹೆಚ್ಚಿನವು ಇಲ್ಲ. ವಿಗನ್ನಿನ ಸೆಂಟ್ರಲ್ ಪಾರ್ಕ್ 1999ರಲ್ಲಿ ಹೋಯಿತು, ಅಲ್ಲಿ ಟೆಸ್ಕೊ ಅಂಗಡಿ ಎದ್ದಿತು. ಹಳೆಯ ವೆಂಬ್ಲಿಯನ್ನು ಒಡೆದು ಹೊಸದು ಕಟ್ಟಿದರು. ಸೇಂಟ್ ಹೆಲೆನ್ಸ್‌ನ ನೋಸ್ಲಿ ರೋಡ್ 2010ರಲ್ಲಿ, ಸಾಲ್ಫರ್ಡ್‌ನ ವಿಲೋಸ್ 2011ರಲ್ಲಿ ಮುಚ್ಚಿದವು. ನಮ್ಮ ಗಿರಣಿಗಳ ಜಾಗದಲ್ಲಿ ಮಾಲುಗಳು ಬಂದದ್ದನ್ನು ದಿನಾ ನೋಡುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ದುಡ್ಡಿಲ್ಲದೆ ಆಟ ನಡೆಯದು, ಒಪ್ಪಿಕೊಳ್ಳೋಣ. ಆರು ಶಿಲ್ಲಿಂಗಿನ ಜಗಳದಿಂದಲೇ ಹುಟ್ಟಿದ ಆಟಕ್ಕೆ ದುಡ್ಡಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆಡಲು ದುಡ್ಡು ಕೊಡುವುದು ಬೇರೆ, ಯಾರು ಆಡಬೇಕೆಂದು ದುಡ್ಡೇ ತೀರ್ಮಾನಿಸುವುದು ಬೇರೆ. 1895ರಲ್ಲಿ ಕೇಳಿದ್ದು ಮೊದಲನೆಯದು, 1995ರಲ್ಲಿ ಬಂದದ್ದು ಎರಡನೆಯದು. ಲೀಗಿನ ಪಟ್ಟಿಯನ್ನು ಕೋಣೆಯೊಳಗೆ ಕೂತು ಬರೆಯಬಹುದು. ಕಪ್ಪಿನ ಫಲಿತಾಂಶ ಬರೆಯಲು ಮೈದಾನಕ್ಕೆ ಇಳಿಯಲೇಬೇಕು. ಅದಕ್ಕೇ ನನಗೆ ಆ ಋತುವಿನಲ್ಲಿ ವೆಂಬ್ಲಿಯ ಮೂರು ಬಾಂಬಿಗಿಂತ ಫೆಬ್ರವರಿಯ ಆ ಚಳಿ ಭಾನುವಾರವೇ ದೊಡ್ಡದಾಗಿ ಕಾಣುತ್ತದೆ. ನಿಮಗೆ ಜಾಗವಿಲ್ಲ ಅನ್ನಿಸಿಕೊಂಡ ಹದಿಮೂರು ಜನ, ಜಾಗ ಖಾತ್ರಿಯಾಗಿದ್ದ ಹದಿಮೂರು ಜನರ ಎದುರು ನಿಂತು ಎಂಬತ್ತು ನಿಮಿಷ ಆಡಿದರು. ಸಾಲ್ಫರ್ಡ್ 26, ವಿಗನ್ 16. ಅದನ್ನು ಯಾವ ಕಂಪನಿಯೂ ತಿದ್ದಲಾಗಲಿಲ್ಲ.